ಹಸಿರು ಬಟ್ಟೆಯ ಕೆಳಗಿನ ಕಲ್ಲು

ಮೇ ತಿಂಗಳ ಶನಿವಾರ, ಬೆಳಗಿನ ಆರೂಕಾಲು. ಅಡಿಲೇಡ್ ನಗರದ ಈಶಾನ್ಯಕ್ಕಿರುವ ಮಾಡ್ಬರಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಉಮಾಕಾಂತ ತಮ್ಮ ಬಿಳಿ ವ್ಯಾನಿನ ಬಾನೆಟ್ಟಿನ ಮೇಲೆ ಫೋನಿಟ್ಟು, ಸ್ಪೀಕರ್ ಹಾಕಿ, ಕಣ್ಣು ಮುಚ್ಚಿ ನಿಂತಿದ್ದಾರೆ. ಉಣ್ಣೆ ಟೋಪಿಯನ್ನು ಬಲಗಿವಿಯ ಮೇಲಿಂದ ಎತ್ತಿಕೊಂಡಿದ್ದಾರೆ. ಫೋನಿನ ಆ ಕಡೆ ಯಾರೋ ಒಬ್ಬ ಹೆಂಗಸು ತನ್ನ ಮನೆಯ ಪೂಲ್ ಟೇಬಲ್ಲಿನ ಕೆಳಗೆ ತೂರಿಕೊಳ್ಳುತ್ತಿದ್ದಾಳೆ, ಏದುಸಿರು ಕೇಳಿಸುತ್ತಿದೆ. ಆಮೇಲೆ ಬೆರಳು ಮಡಚಿ ಮೂರು ಸಲ ತಟ್ಟಿದ ಸದ್ದು ಬರುತ್ತದೆ.

ಉಮಾಕಾಂತ ಕಣ್ಣು ತೆರೆಯುತ್ತಾರೆ. ಅದು ಕಲ್ಲಲ್ಲ, ಬರೀ ಹಲಗೆ ಎಂದು ಇಂಗ್ಲಿಷಿನಲ್ಲಿ ಹೇಳುತ್ತಾರೆ. ಕಾಲುಗಳನ್ನು ಬಿಚ್ಚಿ ನಾಲ್ಕು ಜನ ನಾಲ್ಕು ಮೂಲೆ ಹಿಡಿದರೆ ಸಾಕು, ಇಷ್ಟಕ್ಕೆ ನನ್ನನ್ನು ಕರೆಸಬೇಡಿ ಎನ್ನುತ್ತಾರೆ. ಆಕೆ ಹೆಸರು ಕೇಳುವಷ್ಟರಲ್ಲಿ ಫೋನ್ ಇಟ್ಟಾಗಿದೆ. ಮನೆ ಬಾಗಿಲಿಗೆ ಬಂದ ಕೆಲಸವನ್ನು ಹೀಗೆ ವಾಪಸ್ ಕಳಿಸುವ ಮನುಷ್ಯನನ್ನು ನಾನು ನೋಡಿದ್ದು ಇದೇ ಮೊದಲು.

ಪೂಲ್ ಟೇಬಲ್ ಎಂದರೆ ಬಿಲಿಯರ್ಡ್ಸ್ ಮೇಜಿನ ತಮ್ಮನಂಥದ್ದು. ಆರು ಗುಂಡಿ, ಬಣ್ಣದ ಚೆಂಡು, ಉದ್ದನೆಯ ಕೋಲು. ಈ ದೇಶದ ನೂರಾರು ಮನೆಗಳಲ್ಲಿ ಒಂದೊಂದಿದೆ. ಕೊಳ್ಳುವಾಗ ಎಲ್ಲರಿಗೂ ಉತ್ಸಾಹ, ಮನೆ ಬದಲಿಸುವಾಗ ಎಲ್ಲರಿಗೂ ತಲೆನೋವು. ನಾವೇ ಸಾಗಿಸೋಣವೋ, ಗೊತ್ತಿರುವವರನ್ನು ಕರೆಯೋಣವೋ ಎಂದು ಗಂಡ ಹೆಂಡತಿ ವಾರಗಟ್ಟಲೆ ಜಗಳವಾಡುತ್ತಾರೆ. ಆ ಜಗಳದ ತೀರ್ಪು ಹಸಿರು ಬಟ್ಟೆಯ ಕೆಳಗಿರುತ್ತದೆ. ಅಗ್ಗದ ಮೇಜಾದರೆ ಹಲಗೆ, ಒಳ್ಳೆಯ ಮೇಜಾದರೆ ಒಂದಂಗುಲ ದಪ್ಪದ ಕಪ್ಪು ಸ್ಲೇಟು ಕಲ್ಲು. ನಾವು ಬಳಪ ಹಿಡಿದು ಅ ಆ ಇ ಈ ತಿದ್ದಿದ ಅದೇ ಜಾತಿಯ ಕಲ್ಲು. ಹಲಗೆಯೋ ಕಲ್ಲೋ ಎಂದು ಉಮಾಕಾಂತ ಫೋನಿನಲ್ಲೇ, ಒಂದೇ ತಟ್ಟಿಗೆ ಹೇಳಿಬಿಡುತ್ತಾರೆ. ವರ್ಷಕ್ಕೆ ಆರುನೂರು ಜನ ಹೀಗೆ ತಟ್ಟಿ ಕೇಳಿಸುತ್ತಾರೆ, ಅದರಲ್ಲಿ ಅರ್ಧ ಜನಕ್ಕೆ "ನೀವೇ ಮಾಡ್ಕೊಳ್ಳಿ" ಎಂಬ ಉತ್ತರ ಸಿಗುತ್ತದೆ. ಉಳಿದರ್ಧ ಮೇಜುಗಳನ್ನು ಇವರೇ ಬಿಚ್ಚಿ, ಸಾಗಿಸಿ, ಮತ್ತೆ ಕಟ್ಟುತ್ತಾರೆ. ಅಡಿಲೇಡ್‌ಗೆ ಬಂದು ಸಾವಿರ ಮೇಜು ದಾಟಿದ ಮೇಲೆ ಲೆಕ್ಕ ಇಡೋದು ಬಿಟ್ಟಿದ್ದೀನಿ ಎನ್ನುತ್ತಾರೆ.

ನಾನು ಇವರನ್ನು ಮೊದಲು ಕಂಡದ್ದು ಇಲ್ಲಿನ ಕನ್ನಡಿಗರ ಯುಗಾದಿ ಊಟದಲ್ಲಿ. ಎಲ್ಲರೂ ಹೋಳಿಗೆಯ ಮುಂದೆ ಸಾಲುಗಟ್ಟಿದ್ದಾಗ ಇವರೊಬ್ಬರೇ ಕುರ್ಚಿ ಜೋಡಿಸುತ್ತಿದ್ದರು. ನಮ್ಮವರ ರೂಢಿಯಂತೆ ನಾನೂ "ಯಾವ ಕಂಪನಿ?" ಎಂದು ಕೇಳಿದೆ. "ನಮ್ದೇ, ಮೇಜು ಸಾಗಿಸೋದು" ಎಂದರು. ನಾನು ಪಾಪ ಎಂಬಂತೆ ನಕ್ಕೆ. ಮೇಜು ಸಾಗಿಸುವುದರಲ್ಲಿ ಬರೆಯುವಂಥದ್ದು ಏನಿದೆ ಎಂದುಕೊಂಡವಳು ನಾನೇ. ಆ ಮಾತಿಗೆ ಈಗ ನನಗೆ ನಾಚಿಕೆಯಾಗುತ್ತದೆ.

ಫೋನ್ ಮತ್ತೆ ಬಡಿದುಕೊಳ್ಳುತ್ತದೆ. ಈ ಸಲ ಕನ್ನಡ. ಪ್ರಶಾಂತ ಅಂತ, ಮೈಸೂರಿನವನು, ಸಾಫ್ಟ್‌ವೇರ್. ಮಾಡ್ಬರಿಯ ಬಾಡಿಗೆ ಮನೆಯಿಂದ ಹತ್ತು ನಿಮಿಷದ ದೂರದ ಗೋಲ್ಡನ್ ಗ್ರೋವ್‌ನಲ್ಲಿ ಸ್ವಂತ ಮನೆ ಕೊಂಡಿದ್ದಾನೆ. ಇವತ್ತೇ ಗೃಹಪ್ರವೇಶ. ಬಾಡಿಗೆ ಮನೆಯ ಓನರು ಅಲ್ಲಿದ್ದ ಪೂಲ್ ಟೇಬಲ್ಲನ್ನು "ಬೇಕಾದ್ರೆ ತಗೊಂಡೋಗಿ" ಎಂದಿದ್ದಾನೆ. ಪುಕ್ಕಟೆ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಎನ್ನುವ ನಮ್ಮವರು ಬಿಡುತ್ತಾರೆಯೇ.

"ಅಂಕಲ್, ಎಂಟು ಜನ ಫ್ರೆಂಡ್ಸ್ ಸೇರಿದೀವಿ. ಎತ್ಕೊಂಡು ಟ್ರಕ್ಕಿಗೆ ಹಾಕ್ಬಿಡ್ತೀವಿ. ಟಿಪ್ಸ್ ಏನಾದ್ರೂ ಇದ್ರೆ ಹೇಳಿ ಅಂತ ಮಾಡ್ದೆ."

"ಕೆಳಗಿಂದ ಒಂದ್ಸಲ ತಟ್ಟಪ್ಪ."

ಣಕ್ ಎಂದು ಗಟ್ಟಿಯಾದ, ಚಿಕ್ಕ ಸದ್ದು. ನನಗೂ ವ್ಯತ್ಯಾಸ ತಿಳಿಯುತ್ತದೆ. ಉಮಾಕಾಂತರ ಮುಖ ಗಂಭೀರವಾಗುತ್ತದೆ. "ಮೂರು ಕಲ್ಲಿದೆ. ನಾನೂರು ಕೇಜಿ ಹತ್ರ ಬರುತ್ತೆ. ಹಾಗೇ ಎತ್ಬೇಡಿ. ಹೊಸ ಮನೇಲಿ ಮೆಟ್ಲು ಇದೆಯಾ?"

"ಹನ್ನೊಂದು ಸ್ಟೆಪ್ಸ್ ಕೆಳಗೆ, ಆಟ ಆಡೋ ರಂಪಸ್ ರೂಮಿಗೆ. ಪರ್ವಾಗಿಲ್ಲ ಅಂಕಲ್, ನಮ್ಮ ಮಾವ ಪಿಡಬ್ಲ್ಯೂಡಿ ಎಂಜಿನಿಯರ್ ಆಗಿದ್ದವರು, ಪ್ಲಾನ್ ಹಾಕಿದಾರೆ. ಒಂಬತ್ತಕ್ಕೆ ರಾಹುಕಾಲ ಬಂದ್ಬಿಡತ್ತೆ, ಅಷ್ಟರೊಳಗೆ ಒಳಗೆ ಹೋಗ್ಬೇಕು. ಬಿಚ್ಚೋಕೆಲ್ಲ ಟೈಮಿಲ್ಲ." ಥ್ಯಾಂಕ್ಸ್ ಎಂದು ಪ್ರಶಾಂತ ಫೋನಿಡುತ್ತಾನೆ.

ಉಮಾಕಾಂತ ಫೋನನ್ನು ಜೇಬಿಗಿಡುತ್ತಾರೆ. ಆಮೇಲೆ ಮನೆಯೊಳಗಿದ್ದ ಹಗ್ಗದ ಸುರುಳಿಯನ್ನೂ ಎರಡು ಉದ್ದನೆಯ ಹಲಗೆಗಳನ್ನೂ ತಂದು ವ್ಯಾನಿಗೆ ಹಾಕುತ್ತಾರೆ. ಜೊತೆಗಾರ ಡ್ಯಾರನ್‌ಗೆ ಫೋನ್ ಮಾಡಿ, ಪ್ರಶಾಂತ ಹೇಳಿದ ಬೀದಿಯ ಹೆಸರು ಕೊಡುತ್ತಾರೆ. ಅವರು ನಿಮ್ಮನ್ನು ಕರೆಯಲಿಲ್ಲವಲ್ಲ ಎಂದು ನಾನು ಕೇಳುತ್ತೇನೆ. "ಕರೀಲಿಲ್ಲ. ಹತ್ತಿ ಮೇಡಂ" ಎನ್ನುತ್ತಾರೆ.

ಉಮಾಕಾಂತರಿಗೆ ಐವತ್ತೆರಡು. ಮೈಸೂರಿನಲ್ಲಿ ಇಪ್ಪತ್ತು ವರ್ಷ ನೆಲಕ್ಕೆ ಕಲ್ಲು ಹಾಸಿದ ಮೇಸ್ತ್ರಿ. ಕಡಪ, ಶಹಾಬಾದ್, ಗ್ರಾನೈಟು, ಯಾವ ಕಲ್ಲನ್ನೇ ಆಗಲಿ ಹಾಸುವ ಮೊದಲು ಬೆರಳಿನಿಂದ ತಟ್ಟಿ ನೋಡುವುದು ಅವರ ವಿದ್ಯೆ. ಒಳಗೆ ಬಿರುಕಿದ್ದರೆ ಸದ್ದು ಸಪ್ಪೆಯಾಗುತ್ತದೆ. ಹೆಂಡತಿ ರುಕ್ಮಿಣಿ ನರ್ಸು. 2009ರಲ್ಲಿ ಆಕೆಗೆ ಪರ್ತ್‌ನಲ್ಲಿ ಕೆಲಸ ಸಿಕ್ಕಾಗ ಇವರೂ ಹಿಂದೆ ಬಂದರು. "ಹೆಂಡ್ತಿ ವೀಸಾದಲ್ಲಿ ಬಂದೋನು ಅಂತ ಪಾರ್ಟಿಗಳಲ್ಲಿ ನಗ್ತಿದ್ರು. ನಿಜಾನೇ ಅಲ್ವಾ, ನಾನೂ ಜೊತೆಗೆ ನಗ್ತಿದ್ದೆ" ಎನ್ನುತ್ತಾರೆ. ಇಲ್ಲಿ ಅವರ ಮೇಸ್ತ್ರಿಗಿರಿಗೆ ಸರ್ಟಿಫಿಕೇಟಿಲ್ಲ. ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿದರು, ಸರ್ವೋ ಎನ್ನುವ ಪೆಟ್ರೋಲ್ ಬಂಕಿನಲ್ಲಿ ಕಾರಿಗೆ ಗಾಳಿ ತುಂಬಿದರು.

ಆಗ ಅವರಿದ್ದದ್ದು ಬೆಂಟ್ಲಿಯಲ್ಲಿ, ಯೂನಿವರ್ಸಿಟಿಯ ಪಕ್ಕದಲ್ಲಿ, ವಿದ್ಯಾರ್ಥಿಗಳ ಜೊತೆ ಹಂಚಿಕೊಂಡ ಮನೆಯಲ್ಲಿ. ಅಲ್ಲೊಂದು ಹಳೆಯ ಪೂಲ್ ಟೇಬಲ್ ಇತ್ತು. 2010ರ ಜುಲೈನ ಒಂದು ಭಾನುವಾರ ಅದನ್ನು ಗ್ಯಾರೇಜಿಗೆ ಸಾಗಿಸಬೇಕಾಯಿತು. ಆರು ಜನ ಸೇರಿದರು. ಮೇಸ್ತ್ರಿ ಇದ್ದಾನಲ್ಲ, ಇನ್ನೇನು ಭಯ ಎಂದು ಎಲ್ಲರೂ ಇವರ ಮುಖ ನೋಡಿದರು. ಇವರೇ "ಹೈಸ್ಸಾ" ಎಂದು ಕೂಗು ಕೊಟ್ಟರು.

"ಮರದ ಮೇಜು ಅನ್ಕೊಂಡೆ. ಹಸಿರು ಬಟ್ಟೆ, ಮರದ ಕಾಲು, ಮರದ ಅಂಚು. ಭಾರ ಅನ್ನಿಸ್ತು, ಒಳ್ಳೆ ಮರ ಇರ್ಬೇಕು ಅನ್ಕೊಂಡೆ. ಇಪ್ಪತ್ತು ವರ್ಷ ಕಲ್ಲು ತಟ್ಟಿದೋನು ಅವತ್ತು ಒಂದ್ಸಲ ತಟ್ಲಿಲ್ಲ ಮೇಡಂ." ಹೊಸ್ತಿಲಲ್ಲಿ ಒಂದು ಕಾಲು ಮುರಿಯಿತು. ಮೇಜು ವಾಲಿತು. ಆ ಕಡೆ ಹಿಡಿದಿದ್ದವನು ಸೋಮಶೇಖರ, ಇಪ್ಪತ್ತಾರು ವರ್ಷದ ಹುಡುಗ, ಅಕೌಂಟ್ಸ್ ಓದುತ್ತಿದ್ದವನು. ಕಲ್ಲು ಅವನ ಬಲಮಂಡಿಯ ಮೇಲೆ ಇಳಿಯಿತು. ಮೂರು ಆಪರೇಷನ್ ಆದರೂ ಆ ಮಂಡಿ ಸರಿಹೋಗಲಿಲ್ಲ, ಇವತ್ತಿಗೂ ಅವನಿಗೆ ನೆಲದ ಮೇಲೆ ಕಾಲು ಮಡಚಿ ಕೂರಲಾಗದು, ಏಳಲು ಯಾರಾದರೂ ಕೈ ಕೊಡಬೇಕು. ಸೋಮಶೇಖರ ಈಗ ಫ್ರೀಮ್ಯಾಂಟಲ್ ಬಂದರಿನ ಬಳಿ ಒಂದು ಸಾರಿಗೆ ಕಚೇರಿಯಲ್ಲಿ ಕೆಲಸ ಮಾಡುತ್ತಾನೆ. ಪ್ರತಿ ತಿಂಗಳ ಮೊದಲ ಭಾನುವಾರ ಉಮಾಕಾಂತ ಫೋನ್ ಮಾಡುತ್ತಾರೆ, ಅವನು ಕ್ರಿಕೆಟ್ ಮಾತಾಡುತ್ತಾನೆ. "ಒಂದಿನಾನೂ ಬೈದಿಲ್ಲ. ಬೈದಿದ್ರೆ ಚೆನ್ನಾಗಿತ್ತು" ಎಂದು ಹೇಳಿ ಉಮಾಕಾಂತ ಗೇರು ಬದಲಿಸುತ್ತಾರೆ.

ಆ ಮುರಿದ ಮೇಜನ್ನು ನೋಡಲು ಬಂದವರು ವಿನ್ಸ್ ಎಂಬ ಮುದುಕ, ಇಟಲಿ ಮೂಲದವರು, ನಲವತ್ತು ವರ್ಷದಿಂದ ಇದೇ ಕೆಲಸ. ಒಡೆದ ಕಲ್ಲಿನ ತುಂಡನ್ನು ಉಮಾಕಾಂತ ಕೈಗೆತ್ತಿಕೊಂಡ ರೀತಿ ನೋಡಿ, ನೀನು ಕಲ್ಲಿನವನಾ ಎಂದು ಕೇಳಿದರಂತೆ. ಮರುವಾರದಿಂದ ಇವರು ವಿನ್ಸ್ ಜೊತೆ ಹೋಗತೊಡಗಿದರು. ಆರು ತಿಂಗಳಲ್ಲೇ, 2011ರ ಜನವರಿಯಲ್ಲಿ ಬ್ರಿಸ್ಬೇನ್ ಮುಳುಗಿತು. ನೆರೆ ಇಳಿದ ಮೇಲೆ ಇಬ್ಬರೂ ಅಲ್ಲಿಗೆ ಹೋಗಿ ಮೂರು ವಾರ ಕೆಸರಿನ ಮನೆಗಳಲ್ಲಿ ಕೆಲಸ ಮಾಡಿದರು. ಮರ ಉಬ್ಬಿ ಬಾಯ್ದೆರೆದಿತ್ತು, ಬಟ್ಟೆ ಕೊಳೆತಿತ್ತು, ಮನೆಯವರು ಬೀದಿಗೆ ರಾಶಿ ಹಾಕುತ್ತಿದ್ದರು. ಇವರಿಬ್ಬರು ಆ ರಾಶಿಯ ಒಳಗಿಂದ ಕಲ್ಲುಗಳನ್ನು ತೆಗೆದು, ತೊಳೆದು, ತಟ್ಟಿ ನೋಡಿ ಗೋಡೆಗೆ ಒರಗಿಸಿಟ್ಟರು. ಐವತ್ತೊಂದು ಮೇಜುಗಳ ಕಲ್ಲು. "ಒಂದೂ ಹಾಳಾಗಿರ್ಲಿಲ್ಲ. ಮನೇಲಿ ಉಳಿದಿರೋದು ಇದೊಂದೇ ಅಂತ ಒಬ್ಬಜ್ಜಿ ಕಲ್ಲನ್ನ ಸವರ್ತಾ ಕೂತಿದ್ರು. ಅವತ್ತು ಈ ಕೆಲ್ಸ ಬಿಡಲ್ಲ ಅನ್ಕೊಂಡೆ." 2013ರಲ್ಲಿ ರುಕ್ಮಿಣಿಗೆ ಅಡಿಲೇಡ್‌ನಲ್ಲಿ ಕೆಲಸವಾಯಿತು. ವಿನ್ಸ್ ಕಲ್ಲಿನ ಸಮ ನೋಡುವ ತಮ್ಮ ಹಳೆಯ ರಸಮಟ್ಟವನ್ನು ಉಡುಗೊರೆ ಕೊಟ್ಟು ಕಳಿಸಿದರು.

ಪ್ರಶಾಂತನ ಬಾಡಿಗೆ ಮನೆ ಮುಟ್ಟಿದಾಗ ಏಳು ಗಂಟೆ. ಹಜಾರದಲ್ಲಿ ಎಂಟು ಜನ ಸಾಫ್ಟ್‌ವೇರ್ ಗಂಡಸರು ಸ್ವೆಟರಿನ ತೋಳು ಮಡಚಿಕೊಂಡು ಮೇಜಿನ ಸುತ್ತ ನಿಂತಿದ್ದಾರೆ. ಅದಕ್ಕಾಗಿಯೇ ಒಂದು ವಾಟ್ಸಾಪ್ ಗ್ರೂಪು, ಅದರ ಹೆಸರು ಒಗ್ಗಟ್ಟಿನಲ್ಲಿ ಬಲವಿದೆ. ಒಂದು ಕಾಲನ್ನು ಆಗಲೇ ಬಿಚ್ಚಿ, ಆ ಮೂಲೆಗೆ ಪುಸ್ತಕದ ಪೆಟ್ಟಿಗೆ ಒತ್ತಿಟ್ಟಿದ್ದಾರೆ. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಎಂಬ ಉಮೇದು ಎಲ್ಲರ ಮುಖದಲ್ಲಿದೆ. ಪ್ರಶಾಂತನ ಮಾವ ಉದಯಶಂಕರ್, ಅರವತ್ತೆಂಟು ವರ್ಷದವರು, ಮಗಳ ಗೃಹಪ್ರವೇಶಕ್ಕೆಂದು ಮೈಸೂರಿನಿಂದ ಬಂದಿದ್ದಾರೆ. ಕೈಯಲ್ಲಿ ಒಂದು ಹಾಳೆ. ಅದರಲ್ಲಿ ಮೇಜಿನ ಚಿತ್ರ, ಬಾಣದ ಗುರುತುಗಳು.

"ಮುನ್ನೂರ ಎಂಬತ್ತು ಭಾಗ್ಸು ಎಂಟು, ತಲೆಗೆ ನಲವತ್ತೇಳೂವರೆ ಕೇಜಿ" ಎಂದು ಅವರು ಉಮಾಕಾಂತರಿಗೆ ವಿವರಿಸುತ್ತಾರೆ. "ಒಂದು ಸಿಮೆಂಟ್ ಮೂಟೆಗಿಂತ ಕಮ್ಮಿ. ಏನೂ ಯೋಚನೆ ಮಾಡ್ಬೇಡಿ. ರೆಡೀನಾ?"

ಎಂಟೂ ಜನ ಬಾಗಿ ಅಂಚು ಹಿಡಿಯುತ್ತಾರೆ. ಉಮಾಕಾಂತ ಬೇಡ ಎನ್ನುವುದಿಲ್ಲ, ಕೈ ತಡೆಯುವುದಿಲ್ಲ. ಟೋಪಿ ತೆಗೆದು ಜೇಬಿಗಿಟ್ಟು, ನೆಲದ ಮೇಲೆ ಅಂಗಾತ ಮಲಗಿ, ಮೇಜಿನ ಅಡಿಗೆ ಸರಿದುಬಿಡುತ್ತಾರೆ. ಅವರ ಬೂಟುಗಳು ಮಾತ್ರ ಹೊರಗೆ ಕಾಣುತ್ತವೆ.

ಕೆಳಗೆ ಮನುಷ್ಯನಿರುವಾಗ ಯಾರು ಎತ್ತುತ್ತಾರೆ. ಎಂಟು ಜನ ಬಾಗಿದವರು ಬಾಗಿದಂತೆಯೇ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಪುಸ್ತಕದ ಪೆಟ್ಟಿಗೆ ಕುಸಿದರೆ ಆ ಮೂಲೆ ಉಮಾಕಾಂತರ ಎದೆಯ ಮೇಲೆ ಬರುತ್ತದೆ. ಅದು ಅವರಿಗೂ ಗೊತ್ತು.

"ಸಾರ್, ನಿಮ್ ಲೆಕ್ಕದಲ್ಲಿ ತಪ್ಪಿಲ್ಲ" ಎಂದು ಕೆಳಗಿನಿಂದ ಶಾಂತವಾದ ದನಿ ಬರುತ್ತದೆ. "ಮೆಟ್ಲು ಎಷ್ಟಗಲ?"

"ಮೂರಡಿ."

"ಮೂರಡೀಲಿ ಎಂಟು ಜನ ನಿಲ್ಲಕ್ಕಾಗಲ್ಲ. ಕೆಳಗಿಬ್ರು, ಮೇಲಿಬ್ರು. ಇಳಿಸೋವಾಗ ಭಾರ ಎಲ್ಲಾ ಕೆಳಗಿನೋರ ಮೇಲೇನೇ ಬರುತ್ತೆ. ಕೆಳಗೆ ನಿಲ್ಲೋ ಇಬ್ರು ಯಾರು ಅಂತ ಹೆಸರು ಹೇಳಿ. ನಾನು ಎದ್ದು ಬರ್ತೀನಿ."

ಒಬ್ಬ ತನ್ನ ಬೆನ್ನನ್ನು ಸುಮ್ಮನೆ ಮುಟ್ಟಿಕೊಳ್ಳುತ್ತಾನೆ. ಉದಯಶಂಕರ್ ಹಾಳೆಯನ್ನು ನೋಡುತ್ತಾರೆ, ಬಾಣಗಳನ್ನು ನೋಡುತ್ತಾರೆ. ಮೂವತ್ತನಾಲ್ಕು ವರ್ಷ ಸರ್ಕಾರಿ ಸೇತುವೆ ಕಟ್ಟಿಸಿದ ಮನುಷ್ಯ. ಹಿಂದೆ ಸರಿಯುವ ಜಾಯಮಾನವಲ್ಲ. "ಒಬ್ಬ ನಾನು" ಎನ್ನುತ್ತಾರೆ.

"ಮಾವ, ನೀವಾ?" ಎಂದು ಪ್ರಶಾಂತ ಗಾಬರಿಯಾಗುತ್ತಾನೆ.

"ಇನ್ನೊಬ್ರು ನಮ್ಮ ಅಳಿಯಂದ್ರು."

ಅಷ್ಟು ಹೊತ್ತಿಗೆ ಕಾಫಿ ತಟ್ಟೆ ಹಿಡಿದು ಬಂದ ಮೈಥಿಲಿ ಬಾಗಿಲಲ್ಲೇ ನಿಂತಿದ್ದಾಳೆ. ಉದಯಶಂಕರ್ ಅವರ ಮಗಳು, ಪ್ರಶಾಂತನ ಹೆಂಡತಿ. ಮೇಜಿನಡಿಯ ಬೂಟುಗಳನ್ನೂ ಅಪ್ಪನನ್ನೂ ಗಂಡನನ್ನೂ ಒಂದು ಸುತ್ತು ನೋಡುತ್ತಾಳೆ. "ಇಬ್ರೂ ನಮ್ಮನೆಯವರೇನಾ? ನನ್ನ ಗೃಹಪ್ರವೇಶಕ್ಕೆ ಅಪ್ಪನೂ ಬೇಕು, ಗಂಡನೂ ಬೇಕು. ಟೇಬಲ್ ಇಲ್ದಿದ್ರೂ ನಡೆಯತ್ತೆ. ಅಂಕಲ್, ಅದನ್ನ ಬಿಚ್ಚಿ" ಎಂದು ಹೇಳಿ ಕಾಫಿ ಕೊಡಲು ಶುರುಮಾಡುತ್ತಾಳೆ.

ತೀರ್ಪಾಯಿತು, ಆದರೆ ರಾಹುಕಾಲದ ಮೊಕದ್ದಮೆ ಉಳಿದಿದೆ. ಶನಿವಾರ ಒಂಬತ್ತರಿಂದ ಹತ್ತೂವರೆ. ಆ ಹೊತ್ತಿನಲ್ಲಿ ಹೊಸ ಮನೆಯೊಳಗೆ ಭಾರದ ಸಾಮಾನು ಕಾಲಿಡಬಾರದು ಎಂಬುದು ಉದಯಶಂಕರ್ ಅವರ ಕಟ್ಟಪ್ಪಣೆ. ಹತ್ತೂಮುಕ್ಕಾಲಿಗೆ ಪೂಜೆ. ಹನ್ನೆರಡಕ್ಕೆ ಟ್ರಕ್ಕು ವಾಪಸ್ ಕೊಡಬೇಕು. ಉಮಾಕಾಂತ ಮೇಜಿನಡಿಯಿಂದ ಎದ್ದು ಬೆನ್ನು ಕೊಡವಿಕೊಂಡು ಕೇಳುತ್ತಾರೆ, "ಸಾರ್, ನಿಮ್ ಸೈಟಲ್ಲಿ ರಾಹುಕಾಲಕ್ಕೆ ಮುಂಚೆ ಶುರುವಾದ ಕಾಂಕ್ರೀಟು, ಒಂಬತ್ತು ಹೊಡೀತು ಅಂತ ನಿಲ್ಲಿಸ್ತಿದ್ರಾ?"

ಉದಯಶಂಕರ್ ಯೋಚಿಸುತ್ತಾರೆ. "ಇಲ್ಲ. ಶುರು ಆಗಿದ್ರೆ ಆಯ್ತು."

"ಹಾಗಾದ್ರೆ ಎಂಟು ಐವತ್ತೈದಕ್ಕೆ ಮೇಜಿಂದು ಒಂದು ಕಾಲು ಒಳಗೆ ಇಡಿ. ನಿಮ್ ಕೈಯಿಂದಾನೇ. ಉಳಿದಿದ್ದು ಮುಂದುವರಿದ ಕಾಮಗಾರಿ."

ಆ ಕೊನೆಯ ಎರಡು ಪದಗಳಿಗೆ ನಿವೃತ್ತ ಎಂಜಿನಿಯರ್ ಸೋತುಹೋಗುತ್ತಾರೆ. ಮೇಸ್ತ್ರಿಯಾದವನಿಗೆ ಕಲ್ಲಿನ ಜೊತೆ ಮನೆ ಯಜಮಾನರನ್ನೂ ತಟ್ಟಿ ನೋಡಿ ಗೊತ್ತಿರುತ್ತದೆ ಎಂದು ನನಗೆ ಆಗ ಅರ್ಥವಾಗುತ್ತದೆ.

ಆಮೇಲಿನದು ನೋಡಬೇಕಾದ ಕೆಲಸ. ಡ್ಯಾರನ್ ಬಂದು ಸೇರುತ್ತಾನೆ, ಕೆಂಚು ಗಡ್ಡದ, ಮಾತು ಕಮ್ಮಿಯ ಆಳು. ಇಬ್ಬರೂ ಮೊದಲು ಪುಸ್ತಕದ ಪೆಟ್ಟಿಗೆ ತೆಗೆದು ಜ್ಯಾಕ್ ಕೊಡುತ್ತಾರೆ. ಅಂಚಿನ ಆರು ಪಟ್ಟಿಗಳು ಬಿಚ್ಚುತ್ತವೆ. ಹಸಿರು ಬಟ್ಟೆಯನ್ನು ಒಂದೊಂದೇ ಪಿನ್ನು ಕಿತ್ತು ಸುಲಿಯುತ್ತಾರೆ. ಕೆಳಗೆ ಕಪ್ಪಗೆ, ತಣ್ಣಗೆ, ಮೂರು ಚಪ್ಪಡಿ. ಎಂಟು ಜನ ಸಾಫ್ಟ್‌ವೇರಿನವರೂ ಬಗ್ಗಿ ನೋಡುತ್ತಾರೆ. ಎರಡು ವರ್ಷ ಇದರ ಮೇಲೆ ಆಡಿದ ಪ್ರಶಾಂತ ಕಲ್ಲನ್ನು ಈಗಲೇ ನೋಡಿದ್ದು. ಅವನ ಒಂಬತ್ತು ವರ್ಷದ ಮಗಳು ಕವನಾ ಹತ್ತಿರ ಬಂದು, "ಈಸ್ ಇಟ್ ಸ್ಟಿಲ್ ಎ ಪೂಲ್ ಟೇಬಲ್?" ಎಂದು ಕೇಳುತ್ತಾಳೆ. "ಸಂಜೆಗೆ ಮತ್ತೆ ಆಗುತ್ತೆ ಪುಟ್ಟಿ" ಎನ್ನುತ್ತಾರೆ ಉಮಾಕಾಂತ.

ಎಂಟು ಜನರನ್ನು ಅವರು ಖಾಲಿ ಕೂರಿಸುವುದಿಲ್ಲ. ಒಬ್ಬನಿಗೆ ಬೋಲ್ಟುಗಳನ್ನು ಜಾಗದ ಪ್ರಕಾರ ಚೀಲಕ್ಕೆ ಹಾಕುವ ಕೆಲಸ, ಇನ್ನೊಬ್ಬನಿಗೆ ಕಂಬಳಿ ಹಾಸುವ ಕೆಲಸ. ಪಟ್ಟಿ, ಕಾಲು, ಚೌಕಟ್ಟು ಹೊರುವುದಕ್ಕೆ ಉಳಿದವರು. ಕಲ್ಲಿಗೆ ಮಾತ್ರ ಯಾರೂ ಕೈ ಹಾಕುವಂತಿಲ್ಲ. ಒಂದೊಂದು ಚಪ್ಪಡಿಯೂ ಒಬ್ಬ ದೊಡ್ಡ ಗಂಡಸಿನ ತೂಕ. ಮಲಗಿಸಿ ಹೊತ್ತರೆ ನಡುವೆ ಸೀಳುತ್ತದೆ, ನಿಲ್ಲಿಸಿಯೇ ಒಯ್ಯಬೇಕು. ಉಮಾಕಾಂತ ಮತ್ತು ಡ್ಯಾರನ್ ಒಂದು ಮಾತಿಲ್ಲದೆ ಒಂದೇ ಹೆಜ್ಜೆ ಹಾಕುತ್ತ ಮೂರನ್ನೂ ಟ್ರಕ್ಕಿಗೆ ಒರಗಿಸಿ ಕಟ್ಟುತ್ತಾರೆ.

ಎಂಟು ಐವತ್ತೈದಕ್ಕೆ ಗೋಲ್ಡನ್ ಗ್ರೋವ್‌ನ ಹೊಸ ಮನೆಯ ಗ್ಯಾರೇಜು ಬಾಗಿಲಲ್ಲಿ ಉದಯಶಂಕರ್ ಮೇಜಿನ ಒಂದು ಕಾಲನ್ನು ಎರಡೂ ಕೈಯಲ್ಲಿ ಹಿಡಿದು, ಬಲಗಾಲಿಟ್ಟು ಒಳಗೆ ಹೋಗುತ್ತಾರೆ. ಮುಂಬಾಗಿಲು ದೇವರಿಗೆ ಮೀಸಲು. ಅಳಿಯ ಫೋಟೋ ತೆಗೆಯುತ್ತಾನೆ. ಉಮಾಕಾಂತ ನಗುವುದಿಲ್ಲ, ಅದೂ ಒಂದು ಕೆಲಸವೆಂಬಂತೆ ಗಡಿಯಾರ ನೋಡಿ ತಲೆಯಾಡಿಸುತ್ತಾರೆ.

ಆಮೇಲೆ ಮೆಟ್ಟಿಲು. ಕಡಿದಾದ ಹನ್ನೊಂದು ಮೆಟ್ಟಿಲು, ಕೊನೆಯಲ್ಲಿ ಗೋಡೆ, ಎಡಕ್ಕೆ ತಿರುವು. ಉಮಾಕಾಂತ ಎಲ್ಲರನ್ನೂ ಮೇಲಕ್ಕೆ ಕರೆಸುತ್ತಾರೆ. ಕೆಳಗಿನ ಕೋಣೆಯಲ್ಲಿ ಯಾರಾದರೂ ಇದ್ದಾರಾ ಎಂದು ತಾವೇ ಹೋಗಿ ನೋಡಿ ಬರುತ್ತಾರೆ, ಬಂದು ಮತ್ತೊಮ್ಮೆ ತಲೆ ಎಣಿಸುತ್ತಾರೆ. ಡ್ಯಾರನ್ ಒಬ್ಬ ಕೆಳಗಿಳಿದು ತಿರುವಿನಾಚೆ, ಕಲ್ಲು ಜಾರಿದರೂ ತಾಗದ ಮೂಲೆಯಲ್ಲಿ ನಿಲ್ಲುತ್ತಾನೆ. ಮೆಟ್ಟಿಲ ಮೇಲೆ ಎರಡು ಹಲಗೆ ಹಾಸುತ್ತಾರೆ. ಕಂಬಳಿ ಸುತ್ತಿದ ಚಪ್ಪಡಿಗೆ ಹಗ್ಗ ಬಿಗಿದು, ಅದನ್ನು ಮೇಲಿನ ಕಬ್ಬಿಣದ ಕಂಬಕ್ಕೆ ಎರಡು ಸುತ್ತು ಹಾಕಿ, ತುದಿಯನ್ನು ಸೊಂಟಕ್ಕೆ ತಂದುಕೊಳ್ಳುತ್ತಾರೆ. ಮೈಸೂರಿನಲ್ಲಿ ನೆಲಮಾಳಿಗೆಗೆ ಕಲ್ಲು ಇಳಿಸುತ್ತಿದ್ದದ್ದು ಹೀಗೆಯೇ ಅಂತೆ. ವಿನ್ಸ್‌ಗೂ ಇದನ್ನು ಕಲಿಸಿದ್ದು ಇವರೇ.

ಕಲ್ಲು ಇಳಿಯತೊಡಗುತ್ತದೆ. ಹಗ್ಗ ಕಂಬಕ್ಕೆ ಉಜ್ಜುವ ಸದ್ದು ಬಿಟ್ಟರೆ ಬೇರೇನಿಲ್ಲ. ಉಮಾಕಾಂತರ ಕತ್ತಿನ ನರ ಉಬ್ಬಿದೆ, ಮುಖ ಮಾತ್ರ ಫೋನಿನಲ್ಲಿ ತಟ್ಟು ಕೇಳುವಾಗಿನಂತೆಯೇ ಇದೆ. ಬೆರಳುಗಳ ನಡುವಿನಿಂದ ಹಗ್ಗವನ್ನು ಇಂಚಿಂಚೇ ಬಿಡುತ್ತಿದ್ದಾರೆ. ಹನ್ನೊಂದನೆಯ ಮೆಟ್ಟಿಲ ಬುಡದಲ್ಲಿ ಚಪ್ಪಡಿ ನಿಂತಾಗ ಸದ್ದೇ ಆಗುವುದಿಲ್ಲ. ಮಲಗಿದ ಮಗುವನ್ನು ತೊಟ್ಟಿಲಿಗೆ ಹಾಕಿದ ಹಾಗೆ ಇತ್ತು. ನಾನು ಈ ದೇಶದಲ್ಲಿ ಆರು ವರ್ಷದಿಂದ ಏನೇನೋ ದೊಡ್ಡದನ್ನು ನೋಡಿದ್ದೇನೆ. ಇಷ್ಟು ಬೆರಗು ನನಗೆ ಇನ್ನೆಲ್ಲೂ ಆಗಿಲ್ಲ. ಇಬ್ಬರ ಮಂಡಿಯ ಮೇಲೆ ಬರಬಹುದಾಗಿದ್ದ ಭಾರವನ್ನು ಈ ಮನುಷ್ಯ ಒಬ್ಬರ ಮೇಲೂ ಬಾರದಂತೆ ಇಳಿಸಿದ್ದರು.

ಮೂರನೆಯ ಕಲ್ಲು ಇಳಿದಾಗ ಒಂಬತ್ತೂ ನಲವತ್ತು. ಹಗ್ಗ ಬಿಟ್ಟ ಅಂಗೈ ಕೆಂಪಗಾಗಿದೆ. ಉದಯಶಂಕರ್ ಹತ್ತಿರ ಹೋಗಿ ಆ ಅಂಗೈಯನ್ನು ನೋಡುತ್ತಾರೆ. ತಮ್ಮ ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಳ್ಳುತ್ತಾರೆ.

ಮೇಲೆ ಹಾಲು ಉಕ್ಕುತ್ತದೆ, ಮಂತ್ರ ಕೇಳುತ್ತದೆ, ಹೊಗೆಗೆ ಅಲಾರಂ ಕೂಗದಂತೆ ಯಾರೋ ಟವೆಲ್ ಬೀಸುತ್ತಿದ್ದಾರೆ. ಕೆಳಗೆ ಉಮಾಕಾಂತ ಮಟ್ಟ ನೋಡುತ್ತಿದ್ದಾರೆ. ಚೌಕಟ್ಟಿನ ಮೇಲೆ ಮೂರೂ ಚಪ್ಪಡಿ ಕೂರಿಸಿ, ಎರಡು ಕಲ್ಲು ಸೇರುವಲ್ಲಿ ಕಣ್ಣು ಮುಚ್ಚಿ ಅಂಗೈ ಆಡಿಸುತ್ತಾರೆ. ಒಂದು ಕಡೆ ನಿಲ್ಲುತ್ತಾರೆ. ಹಳೆಯ ಇಸ್ಪೀಟು ಎಲೆಯಿಂದ ಉಗುರಿನಷ್ಟು ಚೂರು ಕತ್ತರಿಸಿ ಕಲ್ಲಿನಡಿ ತುರುಕುತ್ತಾರೆ, ಮತ್ತೆ ಅಂಗೈ ಆಡಿಸುತ್ತಾರೆ. ಪೂಜೆಯ ನಡುವೆ ಎದ್ದು ಬಂದ ಉದಯಶಂಕರ್ ತಮ್ಮ ಫೋನನ್ನೇ ರಸಮಟ್ಟ ಮಾಡಿ ಕಲ್ಲಿನ ಮೇಲಿಡುತ್ತಾರೆ. ಸೊನ್ನೆ ತೋರಿಸುತ್ತದೆ.

"ಸರಿಯಿದೆಯಲ್ಲ" ಎನ್ನುತ್ತಾರೆ.

"ಇಲ್ಲ ಸಾರ್. ಇಲ್ಲಿ ಒಂದು ಕಾಗದದಷ್ಟು ಎದ್ದಿದೆ."

ಉದಯಶಂಕರ್ ತಾವೂ ಅಂಗೈ ಇಟ್ಟು ನೋಡುತ್ತಾರೆ. ಏನೂ ತಿಳಿಯುವುದಿಲ್ಲ. ಉಮಾಕಾಂತ ವಿನ್ಸ್ ಕೊಟ್ಟ ರಸಮಟ್ಟವನ್ನು ಆ ಜಾಗದಲ್ಲಿಟ್ಟಾಗ ಗುಳ್ಳೆ ಕೂದಲೆಳೆಯಷ್ಟು ಸರಿಯುತ್ತದೆ. "ನಾನು ಮೂವತ್ನಾಕು ವರ್ಷ ಇಂಥ ಕೈಯೋರಿಗೆ ಸೈನ್ ಮಾಡಿ ಬಿಲ್ ಕೊಟ್ಟಿದೀನಿ. ಒಬ್ಬರ ಹೆಸರೂ ನೆನಪಿಲ್ಲ" ಎನ್ನುತ್ತಾರೆ ಉದಯಶಂಕರ್. ತಮ್ಮ ಫೋನನ್ನು ಕಲ್ಲಿನ ಮೇಲಿಂದ ಎತ್ತಿಕೊಂಡು, "ನಿಮ್ಮ ಪ್ಯಾಂಪ್ಲೆಟ್ ಇದ್ರೆ ಕೊಡಿ, ಅಳಿಯನ ಗ್ರೂಪಿಗೆ ಹಾಕಿಸ್ತೀನಿ" ಎನ್ನುತ್ತಾರೆ. ಉಮಾಕಾಂತರ ಬಳಿ ಪ್ಯಾಂಪ್ಲೆಟ್ ಇಲ್ಲ. ವ್ಯಾನಿನ ಮೇಲೂ ಹೆಸರಿಲ್ಲ. ಬರೆಸಲು ರುಕ್ಮಿಣಿ ನಾಲ್ಕು ವರ್ಷದಿಂದ ಹೇಳುತ್ತಲೇ ಇದ್ದಾರಂತೆ.

ಮೇಣ ಕರಗಿಸಿ ಸಂದು ತುಂಬಿ, ಬಟ್ಟೆ ಎಳೆದು ಬಿಗಿದು, ಪಟ್ಟಿ ಕೂರಿಸುವ ಹೊತ್ತಿಗೆ ಒಂದೂಕಾಲು. ಕವನಾ ಒಂದು ಬಿಳಿ ಚೆಂಡನ್ನು ಮೆಲ್ಲಗೆ ಉರುಳಿಸುತ್ತಾಳೆ. ಅದು ಎಡಕ್ಕೂ ಬಲಕ್ಕೂ ವಾಲದೆ ನೇರ ಹೋಗಿ, ಆಚೆ ಅಂಚು ಮುಟ್ಟಿ, ಅದೇ ದಾರಿಯಲ್ಲಿ ಹಿಂದಕ್ಕೆ ಬರುತ್ತದೆ.

ಮೇಲಿನ ಹಜಾರದಲ್ಲಿ ಊಟಕ್ಕೆ ಎಲೆ ಹಾಕಿದ್ದಾರೆ. ಕುರ್ಚಿಗಳಿನ್ನೂ ಪ್ಯಾಕಿಂಗಿನಲ್ಲಿವೆ, ಎಲ್ಲರೂ ನೆಲದ ಮೇಲೆಯೇ. ಉಮಾಕಾಂತರನ್ನು ಮೈಥಿಲಿ ಎರಡು ಸಲ ಕರೆಯುತ್ತಾಳೆ. ಎರಡನೇ ಪಂಕ್ತಿಗೆ ಕೂರುತ್ತೇನೆ ಎಂದು ಹೇಳಿ ಅವರು ಅಡುಗೆಮನೆಯ ಬಾಗಿಲಿಗೆ ಒರಗಿ ನಿಲ್ಲುತ್ತಾರೆ. ನಿಮ್ಮದೇನಾದರೂ ಆಸೆ ಇದೆಯಾ, ಲೇಖನದ ಕೊನೆಗೆ ಬರೆಯುತ್ತೇನೆ ಎಂದು ನಾನು ಕೇಳುತ್ತೇನೆ. ಅವರ ಕಣ್ಣು ಪಂಕ್ತಿಯ ಮೇಲಿದೆ. ಎಂಟು ಜನ ಗೆಳೆಯರು, ಪಕ್ಕದಲ್ಲಿ ಹಟ ಹಿಡಿದು ನೆಲಕ್ಕೇ ಕೂತ ಉದಯಶಂಕರ್. ಬಿಸಿಬೇಳೆಬಾತು ಎರಡು ಸಲ ಬರುತ್ತದೆ, ಪಾಯಸ, ಮಜ್ಜಿಗೆ. ಊಟ ಮುಗಿದು ಒಬ್ಬೊಬ್ಬರಾಗಿ ಏಳುತ್ತಾರೆ. ಉಮಾಕಾಂತರ ತುಟಿ ಅಲುಗುತ್ತಿರುವುದು ನನಗೆ ಕಾಣುತ್ತದೆ. ಎಣಿಸುತ್ತಿದ್ದಾರೆ.

"ಒಂಬತ್ತು ಜನಾನೂ ಚಕ್ಕಳಮಕ್ಕಳ ಹಾಕ್ಕೊಂಡು ಕೂತಿದ್ರು ಮೇಡಂ" ಎನ್ನುತ್ತಾರೆ. "ಯಾರ ಕೈನೂ ಹಿಡ್ಕೊಳ್ದೆ ಎದ್ರು."